ನಾಡಿಗೆ ಮುನ್ನ ವೀಸಾ
ಎಚ್‌ಐವಿ ಇಂದು ಮರಣಶಾಸನವಾಗಿ ಉಳಿದಿಲ್ಲ. ದಿನಕ್ಕೊಂದು ಗುಳಿಗೆ ಸೋಂಕನ್ನು ಹತೋಟಿಯಲ್ಲಿಡುತ್ತದೆ; ತಿಂಗಳಿಗೊಮ್ಮೆ ಪಡೆಯುವ ಚುಚ್ಚುಮದ್ದಿಗೂ ಅಮೆರಿಕ 2021ರಲ್ಲಿ ಅನುಮತಿ ನೀಡಿತು. ಆದರೆ ವಲಸಿಗನ ನಾಡಿ ಹಿಡಿಯುವ ಮೊದಲು ವೀಸಾ ನೋಡಲಾಗುತ್ತದೆ.

ಕೊಲ್ಲಿಯ ಹಲವು ರಾಷ್ಟ್ರಗಳು ಸ್ವಂತ ಪ್ರಜೆಗಳಿಗೆ ಚಿಕಿತ್ಸೆ ಕೊಡುತ್ತವೆ. ಸೋಂಕು ಪತ್ತೆಯಾದ ವಿದೇಶಿ ಕಾರ್ಮಿಕನನ್ನು ಗಡೀಪಾರು ಮಾಡುತ್ತವೆ. ಇಂಗ್ಲೆಂಡ್ 2012ರ ಅಕ್ಟೋಬರ್‌ನಲ್ಲಿ ದಾಖಲೆಯಿಲ್ಲದ ವಲಸಿಗರಿಗೂ ಈ ಚಿಕಿತ್ಸೆಯನ್ನು ಉಚಿತಗೊಳಿಸಿತು. ಅದು ಕರುಣೆ ಮಾತ್ರವಲ್ಲ, ವಿವೇಕವೂ ಹೌದು: ಸತತ ಚಿಕಿತ್ಸೆಯಿಂದ ವೈರಾಣು ಪತ್ತೆಯಾಗದ ಮಟ್ಟಕ್ಕಿಳಿದವರಿಂದ ಬಾಳಸಂಗಾತಿಗೆ ಸೋಂಕು ತಗಲುವುದಿಲ್ಲ.

ಕರಾವಳಿಯ ಎಷ್ಟೋ ಕುಟುಂಬಗಳು ಕೊಲ್ಲಿಯ ದುಡಿಮೆಯನ್ನು ನಂಬಿವೆ. ಅಲ್ಲಿಂದ ಹೊರದಬ್ಬಿಸಿಕೊಂಡು ಬಂದವನಿಗೆ ಇಲ್ಲಿನ ಸರಕಾರಿ ಎಆರ್‌ಟಿ ಕೇಂದ್ರಗಳಲ್ಲಿ ಮದ್ದು ಉಚಿತ. ನೆರೆಹೊರೆಯ ಪಿಸುಮಾತಿಗೆ ಹೆದರಿ ಆತ ಆ ಮೆಟ್ಟಿಲು ಹತ್ತದಿದ್ದರೆ, ಅವನನ್ನು ಎರಡನೆಯ ಬಾರಿ ಗಡೀಪಾರು ಮಾಡಿದವರು ನಾವೇ ಅಲ್ಲವೇ?