ಒಲೆ ಹೊತ್ತದಿದ್ದಾಗ

ರಾಂಪುರದ ಸುತ್ತಿನ ಹಳ್ಳಿಗಳಲ್ಲಿ ಜಾಲಿಯ ಸೌದೆ, ಬೆರಣಿ ಉರಿಯುತ್ತಿದ್ದ ಅಡುಗೆಮನೆಗಳಿಗೆ ಅನಿಲದ ಒಲೆ ಬಂದಿದೆ. 2016ರಲ್ಲಿ ಉಜ್ವಲಾ ಯೋಜನೆ ಆರಂಭವಾದ ಮೇಲಂತೂ ಬಡವರ ಮನೆಗಳಿಗೂ ಸಿಲಿಂಡರು ತಲಪಿತು. ಹಳೆಯ ಒಲೆ ಹೊತ್ತದಿದ್ದರೆ ಊದುಗೊಳವೆ ಸಾಕಾಗಿತ್ತು. ಹೊಸ ಒಲೆಯ ರೀತಿಯೇ ಬೇರೆ.

ಪ್ರಸಾದಕ್ಕೆಂದು ಭಕ್ತರ ಮನೆಗಳಿಗೆ ಹೋದಾಗ ನಾವು ಗಮನಿಸಿದ್ದುಂಟು: ಗುಂಡಿಯನ್ನು ತಿರುಗಿಸಿಟ್ಟು ಆಮೇಲೆ ಬೆಂಕಿಪೆಟ್ಟಿಗೆ ಹುಡುಕುತ್ತಾರೆ. ಕಡ್ಡಿ ಗೀರಿದ ಬಳಿಕವೇ ಗುಂಡಿ ತಿರುಗಬೇಕು. ಈ ಅನಿಲ ಗಾಳಿಗಿಂತ ಭಾರ. ಹೊತ್ತದೆ ಹೊರಬಂದದ್ದು ನೆಲಮಟ್ಟದಲ್ಲಿ ಹರಡಿ ನಿಲ್ಲುತ್ತದೆ. ಅದಕ್ಕೆ ಸ್ವಂತ ವಾಸನೆಯಿಲ್ಲ. ಸೋರಿಕೆ ತಿಳಿಯಲೆಂದೇ ದುರ್ವಾಸನೆ ಬೆರೆಸಿರುತ್ತಾರೆ. ಆ ವಾಸನೆ ಬಂದರೆ ಕಡ್ಡಿ ಗೀರಬಾರದು, ವಿದ್ಯುತ್ ಸ್ವಿಚ್ಚನ್ನು ಹಾಕಲೂಬಾರದು, ಆರಿಸಲೂಬಾರದು. ಒಲೆಯ ಗುಂಡಿಗಳನ್ನೂ ರೆಗ್ಯುಲೇಟರನ್ನೂ ಮುಚ್ಚಿ, ಬಾಗಿಲು ಕಿಟಕಿ ತೆರೆದು, ಎಲ್ಲರೂ ಹೊರಗೆ ಬಂದು 1906ಕ್ಕೆ ದೂರವಾಣಿ ಮಾಡಬೇಕು.

ವಾಸನೆ ಇಲ್ಲದಿದ್ದರೆ ಕಾರಣವನ್ನು ಕ್ರಮವಾಗಿ ನೋಡೋಣ. ಯಾವ ಬರ್ನರೂ ಹೊತ್ತದಿದ್ದರೆ ಸಿಲಿಂಡರು ಬರಿದಾಗಿರಬಹುದು, ರೆಗ್ಯುಲೇಟರು ಸರಿಯಾಗಿ ಕೂತಿರದಿರಬಹುದು, ಕೊಳವೆ ಮಡಚಿರಬಹುದು. ಒಂದೇ ಬರ್ನರು ಹೊತ್ತದಿದ್ದರೆ ಉಕ್ಕಿದ ಹಾಲು, ಬೇಳೆಕಟ್ಟು ರಂಧ್ರಗಳನ್ನು ಮುಚ್ಚಿರುತ್ತವೆ. ತಣ್ಣಗಾದ ಮೇಲೆ ತೆಗೆದು ತೊಳೆದು, ಪೂರ್ತಿ ಒಣಗಿಸಿ ಇಡಬೇಕು. ಒಳಗಿನ ಜೆಟ್ಟಿಗೆ ಮಾತ್ರ ಸೂಜಿ ಹಾಕುವುದು ಬೇಡ; ರಂಧ್ರ ಹಿಗ್ಗಿದರೆ ಅನಿಲ ಹೆಚ್ಚಾಗಿ ಬರುತ್ತದೆ. ಅದು ಮೆಕ್ಯಾನಿಕ್ಕಿನ ಕೆಲಸ. ತಾನೇ ಹೊತ್ತುವ ಒಲೆಯಲ್ಲಿ ಕಿಡಿ ಬಾರದಿದ್ದರೆ ಕಿಡಿ ಹಾರುವ ತುದಿಯ ತೇವ, ಮಸಿಯನ್ನು ಒರೆಸಬೇಕು. ಬ್ಯಾಟರಿ ಇದ್ದರೆ ಬದಲಿಸಬೇಕು.

ಕೆಲವು ಒಲೆಗಳಲ್ಲಿ ಗುಂಡಿ ಬಿಟ್ಟೊಡನೆ ಉರಿ ಆರುತ್ತದೆ. ಅಲ್ಲಿ ಉರಿಯ ಪಕ್ಕದಲ್ಲಿ ಒಂದು ಸಣ್ಣ ಲೋಹದ ಕಡ್ಡಿ ಇರುತ್ತದೆ. ಅದು ಕಾದಾಗ ಅತ್ಯಲ್ಪ ವಿದ್ಯುತ್ತು ಹುಟ್ಟಿ, ಅದರ ಬಲದಿಂದ ಅಯಸ್ಕಾಂತವು ಅನಿಲದ ದಾರಿಯನ್ನು ತೆರೆದು ಹಿಡಿಯುತ್ತದೆ. ಗಾಳಿಗೆ ಉರಿ ಆರಿದರೆ ಕಡ್ಡಿ ತಣಿದು ದಾರಿ ತಾನೇ ಮುಚ್ಚುತ್ತದೆ. ಆದ್ದರಿಂದ ಹೊತ್ತಿಸಿದ ಮೇಲೆ ಕೆಲವು ಕ್ಷಣ ಗುಂಡಿಯನ್ನು ಒತ್ತಿ ಹಿಡಿಯಬೇಕು. ಆಗಲೂ ನಿಲ್ಲದಿದ್ದರೆ ಕಡ್ಡಿಗೆ ಮಸಿ ಹಿಡಿದಿರಬೇಕು, ಇಲ್ಲವೆ ಅದು ಸ್ಥಾನ ತಪ್ಪಿರಬೇಕು. ಬೇಸತ್ತು ಗುಂಡಿಯನ್ನು ದಾರದಿಂದ ಕಟ್ಟುವುದೆಂದರೆ ಮನೆಯ ಕಾವಲುಗಾರನ ಕೈಕಟ್ಟಿದಂತೆ.

ಸೋರಿಕೆಯ ಸಂಶಯವಿದ್ದರೆ ಸಾಬೂನಿನ ನೊರೆ ಹಚ್ಚಿ ಗುಳ್ಳೆ ಏಳುವುದೋ ನೋಡಬೇಕು. ದೀಪ ಹಿಡಿದು ನೋಡಬಾರದು. ರಬ್ಬರು ಕೊಳವೆಯನ್ನು 5 ವರ್ಷಕ್ಕೊಮ್ಮೆ ಬದಲಿಸಬೇಕು. ಬಿರುಕು ಕಂಡರೆ ಅದಕ್ಕೂ ಮೊದಲೇ.

ಅಡುಗೆಮನೆ ತಾಯಂದಿರದೆಂದು ಗಂಡಸರು ದೂರ ನಿಲ್ಲುವ ರೂಢಿ ಇಲ್ಲಿ ಸಲ್ಲದು. ಅಪಾಯ ಬಂದ ಗಳಿಗೆಯಲ್ಲಿ ಮನೆಯಲ್ಲಿ ಯಾರಿರುವರೋ ಅವರೇ ಕೈ ಚಾಚಬೇಕಾಗುತ್ತದೆ. ರೆಗ್ಯುಲೇಟರು ಮುಚ್ಚುವುದನ್ನು ಹಿರಿಯರಿಗೂ, ತಿಳಿವಳಿಕೆ ಬಂದ ಮಕ್ಕಳಿಗೂ ಇಂದೇ ಕಲಿಸಿರೆಂದು ನಮ್ಮ ವಿನಂತಿ.