ಟಿಡಿಎಸ್ ಮೀಟರ್ ಹಿಡಿದು ಬರುವವರಿಗೆ
ಬೆಂಗಳೂರಿನ ಹೊರವಲಯದಲ್ಲಿ, ಬೋರ್‌ವೆಲ್ ಮತ್ತು ಟ್ಯಾಂಕರ್ ನೀರೇ ಗತಿ ಅನ್ನೋ ಅಪಾರ್ಟ್‌ಮೆಂಟುಗಳಲ್ಲಿ, ವಾಟರ್ ಸಾಫ್ಟನರ್ ಮಾರುವವರು ಮೊದಲು ಹೊರತೆಗೆಯೋದು ಟಿಡಿಎಸ್ ಮೀಟರ್. ನನಗೆ ಸಿಟ್ಟು ಬರೋದು ಇಲ್ಲೇ. ಸಾಫ್ಟನರ್ ಟಿಡಿಎಸ್ ಇಳಿಸೋದೇ ಇಲ್ಲ! ಅದರೊಳಗಿನ ರೆಸಿನ್ ಕ್ಯಾಲ್ಸಿಯಂ, ಮೆಗ್ನೀಸಿಯಂ ಹಿಡಿದುಕೊಂಡು ಬದಲಿಗೆ ಸೋಡಿಯಂ ಬಿಡುತ್ತೆ, ಅಷ್ಟೆ. ಕೇಳಬೇಕಾದ್ದು ನೀರಿನ ಗಡಸುತನದ ಅಂಕಿ. ಹನಿ ಹಾಕಿ ನೋಡುವ ಟೆಸ್ಟ್ ಕಿಟ್ಟೇ ಅದನ್ನು ಹೇಳುತ್ತೆ. ಅಷ್ಟೂ ಮಾಡದವನಿಗೆ ಅಡ್ವಾನ್ಸ್ ಯಾಕೆ ಕೊಡ್ತೀರಿ?

ಉಳಿದದ್ದು ಬರೀ ಗುಣಾಕಾರ. ಗಡಸುತನ ಲೀಟರಿಗೆ 500 ಮಿಲಿಗ್ರಾಂ ಅಂತಿಟ್ಟುಕೊಳ್ಳಿ. ಒಂದು ಲೀಟರ್ ರೆಸಿನ್ ಸುಮಾರು 50 ಗ್ರಾಂ ಹಿಡಿದು ಸುಸ್ತಾಗುತ್ತೆ. ಆಮೇಲೆ ಉಪ್ಪುನೀರು ಹಾಯಿಸಲೇಬೇಕು. ಅಂದರೆ ಅರ್ಧ ಲೀಟರ್ ರೆಸಿನ್ ತುಂಬಿದ ನಲ್ಲಿ ಸಾಫ್ಟನರ್ 50 ಲೀಟರಿಗೆ, ಎರಡೂವರೆ ಬಕೆಟ್ಟಿಗೆ, ಖಲಾಸ್. ಕೂದಲು ಉದುರುತ್ತೆ ಅಂತ ಹೆದರಿಸಿ ಮಾರೋದು ಇದನ್ನೇ!

ದಿನಕ್ಕೆ 540 ಲೀಟರ್ ಬಳಸುವ ನಾಲ್ವರ ಮನೆಗೆ 25 ಲೀಟರ್ ರೆಸಿನ್ ಹಾಕಿದರೂ ನಾಲ್ಕೈದು ದಿನಕ್ಕೊಮ್ಮೆ ಉಪ್ಪು ಬೇಕು, ಸಲಕ್ಕೆ ಮೂರ್ನಾಲ್ಕು ಕಿಲೋ. ತಿಂಗಳಿಗೆ 20 ಕಿಲೋಗೂ ಮೇಲೆ. ಕೊಟೇಶನ್ನಿನಲ್ಲಿ ಈ ಸಾಲು ಇರುತ್ತಾ, ನೋಡಿ. ಆ ಉಪ್ಪೆಲ್ಲ ಹೋಗೋದು ಚರಂಡಿಗೆ.

ಅಲ್ಲಾ, ಫ್ಲಶ್‌ಗೂ ಮೃದು ನೀರು ಯಾಕ್ರೀ? ಬಾಲ್ಕನಿ ಗಿಡಕ್ಕಂತೂ ಆ ಸೋಡಿಯಂ ಒಳ್ಳೆಯದೂ ಅಲ್ಲ. ಗೀಸರ್, ವಾಷಿಂಗ್ ಮಷೀನಿಗೆ ಹೋಗುವ ಪೈಪಿಗೆ ಮಾತ್ರ ಸಾಕು, ಅದಕ್ಕೆ ತಕ್ಕ ಸೈಜ್ ಹೇಳಿ ಅನ್ನಿ. ಮಾರುವವನ ಮುಖ ಅಲ್ಲೇ ಸಣ್ಣಗಾಗುತ್ತೆ.