ಅಡುಗೆಮನೆಯ ಮಾತು: ಉರಿಯಿಲ್ಲದ ಒಲೆ

ಈ ಮೂರು ತಿಂಗಳಲ್ಲಿ ನಮ್ಮ ಪುಟಕ್ಕೆ ಬಂದ ಕಾಗದಗಳಲ್ಲಿ ಮೂರು ಒಂದೇ ಯಂತ್ರಕ್ಕೆ ಸಂಬಂಧಪಟ್ಟವು. ಡೊಂಬಿವಿಲಿಯ ಸೋದರಿಯೊಬ್ಬರು ಬರೆಯುತ್ತಾರೆ: ನೆಂಟರು ಊಟಕ್ಕೆ ಬರುವ ದಿನ ಫ್ರೀಜರಿನಲ್ಲಿ ಕಲ್ಲಾಗಿದ್ದ ಅಂಜಲ್ ಮೀನಿನ ತುಂಡುಗಳನ್ನು ಮೈಕ್ರೋವೇವ್ ಒಲೆಯಲ್ಲಿಟ್ಟರಂತೆ, ಅಂಚೆಲ್ಲ ಬೆಂದು ಬಿಳುಪಾಯಿತು, ನಡುವೆ ಮಂಜುಗಡ್ಡೆ ಹಾಗೆಯೇ ಉಳಿಯಿತು. ಪುಣೆಯ ಕಾಗದ ಒಬ್ಬ ಎಳೆ ತಾಯಿಯದು. ಧಾರವಾಡದಿಂದ ಬಂದಿರುವ ಅತ್ತೆಯವರು “ಆ ಪೆಟ್ಟಿಗ್ಯಾಗ ಕಾಸಿದ ಹಾಲು ಕೂಸಿಗೆ ಕುಡಸಬ್ಯಾಡವ್ವಾ” ಎಂದು ತಡೆಯುತ್ತಾರಂತೆ. ಮೂರನೆಯದು ಸಿಕಂದರಾಬಾದಿನ ಹಿರಿಯರೊಬ್ಬರದು. ಮಗ ಸೊಸೆ ಇಬ್ಬರೂ ಕೆಲಸಕ್ಕೆ ಹೋಗುವವರು. ಫ್ರಿಜ್ಜಿನಲ್ಲಿಟ್ಟ ಅನ್ನ ಸಾರುಗಳನ್ನು ಮಧ್ಯಾಹ್ನ ತಾವೇ ಬಿಸಿಮಾಡಿಕೊಂಡು ಉಣ್ಣಬೇಕು. “ಒಂದು ತುತ್ತು ನಾಲಗೆ ಸುಡುತ್ತದೆ, ಮರುತುತ್ತು ತಣ್ಣಗಿರುತ್ತದೆ. ಇದರಿಂದ ದೇಹಕ್ಕೆ ಬಾಧಕವುಂಟೇ?” ಎಂದು ಕೇಳಿದ್ದಾರೆ.

ಮೂರು ಪ್ರಶ್ನೆಗಳು ಬೇರೆಯಾಗಿ ಕಂಡರೂ ಅವುಗಳ ಬೇರು ಒಂದೇ. ಈ ಒಲೆ ಬೇಗನೆ ಕಾಯಿಸುತ್ತದೆ, ಸಮನಾಗಿ ಕಾಯಿಸುವುದಿಲ್ಲ. ಬಾಧಕವೆಂಬುದು ಇರುವುದು ಸುಡುವ ತುತ್ತಿನಲ್ಲಿ ಅಷ್ಟಲ್ಲ, ತಣ್ಣಗುಳಿದ ತುತ್ತಿನಲ್ಲಿ. ಆದುದರಿಂದ ಯಂತ್ರದ ಒಳಗುಟ್ಟನ್ನು ಸ್ವಲ್ಪ ತಿಳಿದುಕೊಳ್ಳುವುದು ಲೇಸು.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಶತ್ರುವಿಮಾನಗಳನ್ನು ಪತ್ತೆಹಚ್ಚುವ ರಾಡಾರಿಗಾಗಿ ಮ್ಯಾಗ್ನೆಟ್ರಾನ್ ಎಂಬ ಕೊಳವೆ ಬಳಕೆಗೆ ಬಂದಿತ್ತು. ೧೯೪೫ರಲ್ಲಿ ಅಮೆರಿಕೆಯ ರೇಥಿಯಾನ್ ಕಂಪನಿಯ ಇಂಜಿನಿಯರ್ ಪರ್ಸಿ ಸ್ಪೆನ್ಸರ್ ಅವರು ಅಂಥ ಕೊಳವೆಯ ಬಳಿ ನಿಂತಿದ್ದಾಗ ಜೇಬಿನಲ್ಲಿದ್ದ ಮಿಠಾಯಿ ಕರಗಿತೆಂದೂ, ಅಲ್ಲಿಂದ ಈ ಒಲೆಯ ಯೋಚನೆ ಹುಟ್ಟಿತೆಂದೂ ಹೇಳುತ್ತಾರೆ. ಮೊದಮೊದಲ ಒಲೆಗಳು ಆಳೆತ್ತರದ ಬೀರುಗಳಂತಿದ್ದವು. ೧೯೬೭ರಲ್ಲಿ ಅಡುಗೆಕಟ್ಟೆಯ ಮೇಲೆ ಕೂರುವಂಥ ಒಲೆ ಅಮೆರಿಕೆಯ ಪೇಟೆಗೆ ಬಂತು. ಇಂದು ನಮ್ಮ ಫ್ಲ್ಯಾಟುಗಳಲ್ಲಿರುವುದು ಅದರದೇ ಸಂತತಿ.

ಆ ಕೊಳವೆಯಿಂದ ಹೊರಡುವ ಅಲೆಗಳು ಆಹಾರದೊಳಗಿನ ನೀರಿನ ಅಣುಗಳನ್ನು ಸೆಕೆಂಡಿಗೆ ಕೋಟಿಗಟ್ಟಲೆ ಸಲ ಅತ್ತಿತ್ತ ತಿರುಗಿಸಲು ಎಳೆಯುತ್ತವೆ. ಆ ತಿಕ್ಕಾಟದಿಂದ ಶಾಖ ಹುಟ್ಟುತ್ತದೆ. ಅಲೆಗಳು ಆಹಾರದೊಳಗೆ ಚೆನ್ನಾಗಿ ಹೊಗುವುದು ಒಂದು, ಒಂದೂವರೆ ಅಂಗುಲದಷ್ಟು ಮಾತ್ರ. ಅದಕ್ಕಿಂತ ಒಳಗಿರುವ ಭಾಗ ಹೊರಗಿನ ಬಿಸಿ ನಿಧಾನವಾಗಿ ಇಳಿದೇ ಕಾಯಬೇಕು. ಮೇಲಾಗಿ ಪೆಟ್ಟಿಗೆಯೊಳಗೆ ಅಲೆಗಳು ಒಂದು ಕಡೆ ದಟ್ಟವಾಗಿಯೂ ಇನ್ನೊಂದು ಕಡೆ ವಿರಳವಾಗಿಯೂ ಬೀಳುತ್ತವೆ. ತಟ್ಟೆ ತಿರುಗುವುದು ಈ ಕುಂದನ್ನು ತುಸು ಸರಿಪಡಿಸಲಿಕ್ಕೆ. ಪೂರ್ತಿ ಸರಿಪಡಿಸುವ ಶಕ್ತಿ ಅದಕ್ಕಿಲ್ಲ.

ಇನ್ನು ಮೀನಿನ ಮಾತು. ಮಂಜುಗಡ್ಡೆಯಲ್ಲಿ ನೀರಿನ ಅಣುಗಳು ಬಿಗಿಯಾಗಿ ಕಟ್ಟಿಹಾಕಿದಂತಿರುತ್ತವೆ. ಅಲೆ ಬಂದರೂ ತಿರುಗಲಾರವು. ಹಾಗಾಗಿ ಗಡ್ಡೆ ಅಲೆಯ ಬಿಸಿಯನ್ನು ಬಲು ಕಡಿಮೆ ಹೀರುತ್ತದೆ, ನೀರಾದರೋ ತಟಕ್ಕನೆ ಹೀರುತ್ತದೆ. ತುಂಡಿನ ಮೂಲೆಯಲ್ಲಿ ಒಂದು ಚಮಚೆ ನೀರು ಕರಗಿತೆಂದರೆ ಶಾಖವೆಲ್ಲ ಅತ್ತಲೇ ಓಡುತ್ತದೆ. ಮೂಲೆ ಬೇಯುತ್ತದೆ, ನಡುಭಾಗ ಹಿಮಾಲಯವಾಗಿಯೇ ಉಳಿಯುತ್ತದೆ. ಡೊಂಬಿವಿಲಿಯ ಸೋದರಿಯ ಕೈಯಲ್ಲಿ ದೋಷವಿಲ್ಲ, ಇದು ನೀರಿನ ಸ್ವಭಾವ.

ಅದಕ್ಕಾಗಿಯೇ ಯಂತ್ರದಲ್ಲಿ ‘ಡಿಫ್ರಾಸ್ಟ್’ ಎಂಬ ಗುಂಡಿ ಇಟ್ಟಿರುತ್ತಾರೆ. ಅದನ್ನು ಒತ್ತಿದರೆ ಒಲೆ ಸುಮಾರು ಮೂರನೆಯ ಒಂದು ಪಾಲು ಶಕ್ತಿಯಲ್ಲಿ, ಅಂದರೆ ಸ್ವಲ್ಪ ಹೊತ್ತು ಉರಿದು ಸ್ವಲ್ಪ ಹೊತ್ತು ಸುಮ್ಮನಿದ್ದು, ಕೆಲಸ ಮಾಡುತ್ತದೆ. ಸುಮ್ಮನಿರುವ ಆ ಹೊತ್ತಿನಲ್ಲಿ ಅಂಚಿನ ಬಿಸಿ ಒಳಕ್ಕೆ ಹರಿಯುತ್ತದೆ. ಮೀನನ್ನಾಗಲಿ ಕೋಳಿಯನ್ನಾಗಲಿ ಅಂಗಡಿಯ ಪ್ಲಾಸ್ಟಿಕ್ ಚೀಲದಿಂದಲೂ ಥರ್ಮೋಕೋಲ್ ತಟ್ಟೆಯಿಂದಲೂ ಬಿಡಿಸಿ, ಅಗಲವಾದ ಗಾಜಿನ ತಟ್ಟೆಯಲ್ಲಿ ಒಂದರ ಮೇಲೊಂದು ಬೀಳದಂತೆ ಹರವಿ, ದಪ್ಪ ಭಾಗವನ್ನು ಹೊರಗಡೆಗೂ ತೆಳು ಭಾಗವನ್ನು ನಡುವಿಗೂ ತಿರುಗಿಸಿಡಬೇಕು. ಎರಡೆರಡು ನಿಮಿಷಕ್ಕೊಮ್ಮೆ ತೆಗೆದು ಮಗುಚಿ, ಬಿಡಿಯಾದ ತುಂಡುಗಳನ್ನು ಬೇರೆ ತೆಗೆದಿಡಬೇಕು. ಪೂರ್ತಿ ಕರಗುವತನಕ ಕಾಯಬೇಡಿ. ನಡುವೆ ಇನ್ನೂ ತುಸು ಗಟ್ಟಿಯಿರುವಾಗಲೇ ನಿಲ್ಲಿಸಿ, ಐದಾರು ನಿಮಿಷ ಹಾಗೆಯೇ ಬಿಟ್ಟರೆ ತನ್ನಷ್ಟಕ್ಕೆ ಸಡಿಲಾಗುತ್ತದೆ. ಫ್ರೀಜರಿಗೆ ಹಾಕುವಾಗಲೇ ಒಂದು ಹೊತ್ತಿಗೆ ಬೇಕಾದಷ್ಟನ್ನು ತೆಳ್ಳಗೆ ಹರವಿ ಪೊಟ್ಟಣ ಕಟ್ಟುವವರಿಗೆ ಈ ಕಷ್ಟದಲ್ಲಿ ಅರ್ಧ ಇಲ್ಲವೇ ಇಲ್ಲ.

ಹೀಗೆ ಕರಗಿಸಿದ ಪದಾರ್ಥವನ್ನು ಆಗಿಂದಾಗಲೇ ಬೇಯಿಸಲೇಬೇಕು. ಈ ಒಂದು ಮಾತಿನಲ್ಲಿ ಸಡಿಲಿಕೆ ಕೂಡದು. ಫ್ರೀಜರಿನ ಚಳಿ ಕ್ರಿಮಿಗಳನ್ನು ಕೊಲ್ಲುವುದಿಲ್ಲ, ಮಲಗಿಸುತ್ತದೆ ಅಷ್ಟೆ. ೫ರಿಂದ ೬೦ ಡಿಗ್ರಿ ಸೆಲ್ಸಿಯಸ್ ನಡುವಣ ಹವೆ ಅವುಗಳಿಗೆ ಸುಖದ ಹವೆ. ಮೈಕ್ರೋವೇವಿನಲ್ಲಿ ಕರಗಿದ ಮೀನಿನ ಅಂಚು ಆಗಲೇ ಉಗುರುಬೆಚ್ಚಗಾಗಿರುತ್ತದೆ. ಅದನ್ನು ಕಟ್ಟೆಯ ಮೇಲಿಟ್ಟು ಪೇಟೆಗೆ ಹೋಗಿಬಂದರೆ ಕ್ರಿಮಿಗಳಿಗೆ ಹಬ್ಬ ಮಾಡಿಕೊಟ್ಟಂತೆ. ಕರಗಿಸಿದ್ದನ್ನು ಹಸಿಯಾಗಿಯೇ ಮತ್ತೆ ಫ್ರೀಜರಿಗೆ ಸೇರಿಸುವುದೂ ಬೇಡ. ಕೋಳಿಯನ್ನು ಈ ಒಲೆಯಲ್ಲೇ ಬೇಯಿಸುವುದಾದರೆ ಮೂಳೆಯ ಪಕ್ಕದ ಮಾಂಸವೂ ೭೪ ಡಿಗ್ರಿ ಮುಟ್ಟಬೇಕು. ಅಳೆಯುವ ಕಡ್ಡಿ ಇಲ್ಲದ ಮನೆಯಲ್ಲಿ ಕರಗಿಸುವುದಕ್ಕೆ ಇದು, ಬೇಯಿಸುವುದಕ್ಕೆ ಗ್ಯಾಸಿನ ಒಲೆ ಎಂಬ ಪದ್ಧತಿಯೇ ನನಗೆ ಒಪ್ಪಿಗೆ. ನಾಳೆಯ ಊಟವೆಂದು ಇಂದೇ ಗೊತ್ತಿದ್ದರೆ ಯಾವ ಯಂತ್ರವೂ ಬೇಡ. ರಾತ್ರಿಯೇ ಫ್ರೀಜರಿನಿಂದ ತೆಗೆದು ಫ್ರಿಜ್ಜಿನ ಕೆಳಗಿನ ಖಾನೆಯಲ್ಲಿ, ರಸ ಸೋರದ ಪಾತ್ರೆಯಲ್ಲಿಟ್ಟರೆ ಬೆಳಗಿಗೆ ಸಿದ್ಧ.

ಶಾಕಾಹಾರಿಗಳು “ಇದು ನಮಗಲ್ಲ” ಎಂದು ಪುಟ ಮಗುಚಬಾರದು. ಊರಿನಿಂದ ಹೊತ್ತು ತಂದ ತೆಂಗಿನಕಾಯಿಗಳನ್ನು ತುರಿದು ಫ್ರೀಜರಿನಲ್ಲಿಡದ ಕನ್ನಡ ಮನೆ ಮುಂಬಯಿಯಲ್ಲಿ ಎಷ್ಟಿದ್ದೀತು? ಚಳಿಗಾಲದ ಸೊಗಡಿನ ಅವರೆಕಾಳನ್ನು ಬೇಸಗೆಗೆ ಕೂಡಿಡುವವರೂ ಉಂಟು. ಕಾಯಿತುರಿಗೆ ಈ ಒಲೆ ಅಷ್ಟಾಗಿ ಹೊಂದದು. ಅದರ ಜಿಡ್ಡು ಅಲ್ಲಲ್ಲಿ ಬೇಗ ಕಾದು ಕಮಟು ವಾಸನೆ ಹಿಡಿಯುತ್ತದೆ. ಬೇಕಾದಷ್ಟನ್ನು ಮುರಿದು ಬೆಚ್ಚನೆಯ ನೀರು ಹಾಕಿ ಮಿಕ್ಸಿಯಲ್ಲಿ ರುಬ್ಬಿದರೆ ಕೆಲಸ ಮುಗಿಯಿತು. ಅವರೆಕಾಳನ್ನೂ ಬಟಾಣಿಯನ್ನೂ ಕರಗಿಸುವ ಪ್ರಮೇಯವೇ ಇಲ್ಲ, ಕುದಿಯುವ ನೀರಿಗೆ ನೇರ ಸುರಿದರಾಯಿತು.

ಸಿಕಂದರಾಬಾದಿನ ಹಿರಿಯರಿಗೆ ಈಗ ಉತ್ತರ. ತಾವು ಡಬ್ಬಿಯನ್ನು ಹಾಗೆಯೇ ಒಳಗಿಡಬೇಡಿ. ಅನ್ನವನ್ನು ಅಗಲ ಗಾಜಿನ ಬೋಗುಣಿಗೆ ಬಡಿಸಿಕೊಂಡು, ಗಂಟು ಒಡೆದು, ನಡುವೆ ಗುಳಿ ಮಾಡಿ, ಎರಡು ಚಮಚೆ ನೀರು ಚಿಮುಕಿಸಿ, ಮೇಲೊಂದು ಗಾಜಿನ ತಟ್ಟೆಯನ್ನು ಹಬೆ ಹೋಗುವಷ್ಟು ಸಂದು ಬಿಟ್ಟು ಮುಚ್ಚಿರಿ. ೮೦೦ ವಾಟಿನ ಒಲೆಯಾದರೆ ಒಂದು ನಿಮಿಷ ಬಿಸಿಮಾಡಿ, ತೆಗೆದು ಕೆಳಗು ಮೇಲು ಕಲಸಿ, ಇನ್ನೊಂದು ನಿಮಿಷ ಇಡಿ. ಬಳಿಕ ಎರಡು ನಿಮಿಷ ಹಾಗೆಯೇ ಬಿಟ್ಟು, ನಡುವೆಯೂ ಹಬೆಯಾಡುತ್ತಿದೆಯೇ ಎಂದು ನೋಡಿಕೊಳ್ಳಿ. ಇಲ್ಲದಿದ್ದರೆ ಮತ್ತೆ ಅರ್ಧ ನಿಮಿಷ. ಇಡ್ಲಿಗೂ ಹೀಗೆಯೇ ನೀರು ಚಿಮುಕಿಸಿ ಮುಚ್ಚಿದರೆ ಮೆತ್ತಗಾಗುತ್ತದೆ, ಸಮಯ ಮಾತ್ರ ಅರ್ಧ ಸಾಕು.

ಅನ್ನದ ವಿಷಯದಲ್ಲಿ ಸೊಸೆಯಂದಿರೂ ಒಂದು ಮಾತನ್ನು ಕೇಳಬೇಕು. ಅಕ್ಕಿಯಲ್ಲಿ ಬೆಸಿಲಸ್ ಸೀರಿಯಸ್ ಎಂಬ ಕ್ರಿಮಿಯ ಬೀಜಾಣುಗಳಿರುವುದುಂಟು. ಕುದಿಸಿದರೂ ಅವು ಸಾಯುವುದಿಲ್ಲ. ಬೆಳಗ್ಗೆ ಮಾಡಿದ ಅನ್ನ ಚೆನ್ನೈಯ ಮೇ ತಿಂಗಳ ಸೆಕೆಯಲ್ಲಿ ಮಧ್ಯಾಹ್ನದವರೆಗೆ ಹೊರಗಿದ್ದರೆ ಅವು ಮೊಳೆತು ವಿಷ ಕಾರುತ್ತವೆ, ಆ ವಿಷ ಎಷ್ಟು ಬಿಸಿಮಾಡಿದರೂ ಹೋಗದು. ಮಾಡಿದ ಎರಡು ಗಂಟೆಯೊಳಗೆ, ೩೨ ಡಿಗ್ರಿಗಿಂತ ಸೆಕೆಯಿರುವಾಗ ಒಂದೇ ಗಂಟೆಯೊಳಗೆ, ಹರವಿ ಆರಿಸಿ ಫ್ರಿಜ್ಜಿಗೆ ಸೇರಿಸಬೇಕು. ಬಿಸಿಮಾಡುವುದು ಒಂದೇ ಸಲ. ಉಳಿದದ್ದನ್ನು ಮತ್ತೆ ಒಳಗಿಡುವ ಲೋಭ ಬೇಡ.

ಪುಣೆಯ ತಾಯಿಗೆ ಹೇಳುವುದೇನೆಂದರೆ, ಅತ್ತೆಯವರ ಮಾತನ್ನು ಕೇಳಮ್ಮ. ಅವರು ಹೇಳುವುದು ಸರಿ, ಕಾರಣ ಮಾತ್ರ ಬೇರೆ. ಕಿರಣ ಹಾಲಿನಲ್ಲಿ ಉಳಿಯುವುದಿಲ್ಲ. ಯಂತ್ರ ನಿಂತ ಕ್ಷಣ, ದೀಪ ಆರಿಸಿದಾಗ ಬೆಳಕು ಹೋದಂತೆ, ಅಲೆಗಳೂ ಹೋದವು. ಕ್ಷಕಿರಣದಂತೆ ಅಣುಗಳನ್ನು ಒಡೆಯುವ ಬಲವೂ ಅವಕ್ಕಿಲ್ಲ. ಆದರೆ ಸೀಸೆಯ ಹೊರಮೈ ಕೈಗೆ ಹದವಾಗಿ ತೋರುವಾಗಲೇ ಒಳಗಿನ ಹಾಲಿನಲ್ಲಿ ಒಂದು ಗುಟುಕು ಸುಡುವಷ್ಟು ಕಾದಿರಬಹುದು. ಕೂಸು ಬಾಯಿಬಿಟ್ಟು ಹೇಳಲಾರದಷ್ಟೆ. ಬಾಯಿ ಗಂಟಲು ಬೆಂದ ಮೇಲೆ ಅಳುತ್ತದೆ. ಪಾತ್ರೆಯಲ್ಲಿ ಬಿಸಿನೀರು ಹಾಕಿ ಸೀಸೆಯನ್ನು ಅದರಲ್ಲಿ ನಿಲ್ಲಿಸಿ, ಅಲುಗಿಸಿ, ಮಣಿಕಟ್ಟಿನ ಮೇಲೆ ಎರಡು ಹನಿ ಬಿಟ್ಟುಕೊಂಡು ನೋಡುವ ಹಳೆಯ ಕ್ರಮವೇ ಒಳ್ಳೆಯದು. ತೆಗೆದಿಟ್ಟ ಎದೆಹಾಲಿಗೂ ಇದೇ ಕ್ರಮ.

ಪಾತ್ರೆಗಳ ಬಗೆಗೆ ಕೆಲವು ಮಾತು. ನಮ್ಮ ಅಡುಗೆಮನೆಗಳು ಸ್ಟೀಲುಮಯ. ಲೋಹ ಅಲೆಗಳನ್ನು ಹಿಂದಕ್ಕೆ ತಳ್ಳುವುದರಿಂದ ಸ್ಟೀಲಿನ ಡಬ್ಬಿಯೊಳಗಿನ ಸಾರು ಸರಿಯಾಗಿ ಕಾಯದು, ಕಿಡಿ ಹಾರುವ ಭಯ ಬೇರೆ. ಚಿನ್ನದ ಗೆರೆಯ ಬಸಿಗೂ ಅದೇ ಗತಿ. ಶ್ರೀಖಂಡದ ಡಬ್ಬಿ, ಹೋಟೆಲಿನಿಂದ ಪಾರ್ಸೆಲ್ ಬಂದ ಕರಿಯ ಡಬ್ಬಿ ಇವನ್ನು ತೊಳೆದಿಟ್ಟುಕೊಳ್ಳುವ ಮಿತವ್ಯಯ ಮೆಚ್ಚತಕ್ಕದ್ದೇ. ಕಾಳು ತುಂಬಲು ಬಳಸಿ, ಇಲ್ಲಿ ಬೇಡ. ಶಾಖ ತಡೆಯುವ ಗಾಜು ಎಲ್ಲಕ್ಕಿಂತ ಉತ್ತಮ, ಆದರೆ ಫ್ರೀಜರಿನಿಂದ ತೆಗೆದ ಗಾಜನ್ನು ನೇರ ಒಳಗಿಟ್ಟರೆ ಸೀಳೀತು. ಪಿಂಗಾಣಿಯ ಬಗೆಗೆ ಸಂದೇಹವಿದ್ದರೆ ಖಾಲಿ ಪಾತ್ರೆಯ ಪಕ್ಕದಲ್ಲಿ ಒಂದು ಗಾಜಿನ ಲೋಟ ನೀರಿಟ್ಟು ಒಂದು ನಿಮಿಷ ಓಡಿಸಿ ನೋಡಿ. ನೀರು ಕಾದು ಪಾತ್ರೆ ತಣ್ಣಗಿದ್ದರೆ ಬಳಸಬಹುದು.

ಬಿಗಿಮುಚ್ಚಳವೂ ಸಿಪ್ಪೆಯೂ ಇಲ್ಲಿ ಶತ್ರುಗಳು. ಮೊಟ್ಟೆ, ಇಡಿಯ ಆಲೂಗಡ್ಡೆ, ಊರಿನಿಂದ ಬಂದ ಹಲಸಿನ ಬೀಜ, ಇವುಗಳೊಳಗೆ ಹಬೆ ಕಟ್ಟಿ ಪಟಾಕಿಯಂತೆ ಸಿಡಿಯುತ್ತವೆ. ಆಲೂಗಡ್ಡೆಗೆ ಫೋರ್ಕಿನಿಂದ ಚುಚ್ಚಿದರೆ ಸಾಕು. ಮೊಟ್ಟೆಯನ್ನು, ಬೇಯಿಸಿ ಸುಲಿದದ್ದನ್ನೂ ಸಹ, ಇಡಲೇ ಕೂಡದು. ನುಣುಪು ಲೋಟದಲ್ಲಿ ಬರಿಯ ನೀರನ್ನು ಬಹಳ ಹೊತ್ತು ಕಾಯಿಸಿದರೆ ಅದು ಗುಳ್ಳೆಯೇಳದೆಯೇ ಕುದಿಯ ಮಟ್ಟ ಮೀರಿ, ಕಾಫಿಪುಡಿ ಹಾಕಿದೊಡನೆ ಉಕ್ಕಿ ಮುಖಕ್ಕೆ ಎರಚೀತು. ನೀರಿನೊಳಗೆ ಮೊದಲೇ ಒಂದು ಮರದ ಚಮಚೆ ಇಟ್ಟರೆ ಆ ಅಪಾಯ ತಗ್ಗುತ್ತದೆ. ಎಣ್ಣೆಯನ್ನು ಕರಿಯುವಷ್ಟು ಕಾಯಿಸುವುದಂತೂ ಬೇಡವೇ ಬೇಡ. ಉದ್ದಿನ ಹಪ್ಪಳ ಎಣ್ಣೆಯಿಲ್ಲದೆ ಸೊಗಸಾಗಿ ಸುಡುತ್ತದೆ. ಒಂದು ನಿಮಿಷ ದಾಟದಂತೆ ಎದುರು ನಿಂತು ನೋಡಬೇಕು.

ಅಕಸ್ಮಾತ್ ಒಳಗೆ ಹೊತ್ತಿಕೊಂಡರೆ ಬಾಗಿಲು ತೆರೆಯಬೇಡಿ. ಗೋಡೆಯ ಸ್ವಿಚ್ಚು ಆರಿಸಿದರೆ ಗಾಳಿಯಿಲ್ಲದೆ ಬೆಂಕಿ ತಾನೇ ನಂದುತ್ತದೆ. ಬಾಗಿಲು ಸೊಟ್ಟಗಾದ, ಸರಿಯಾಗಿ ಮುಚ್ಚಿಕೊಳ್ಳದ ಒಲೆಯನ್ನು ಬಳಸಬಾರದು. ಮನೆಯಲ್ಲೇ ತಿರುಪು ಬಿಚ್ಚಿ ರಿಪೇರಿ ಮಾಡುವ ಜಾಣರಿಗೆ ಒಂದು ಎಚ್ಚರಿಕೆ: ಪ್ಲಗ್ಗು ಕಿತ್ತ ಮೇಲೂ ಒಳಗಿನ ಕೆಪಾಸಿಟರಿನಲ್ಲಿ ಪ್ರಾಣ ತೆಗೆಯುವಷ್ಟು ವಿದ್ಯುತ್ತು ನಿಂತಿರಬಹುದು.

ಹಗಲು ಹಿರಿಯರನ್ನು ಮನೆಯಲ್ಲಿ ಬಿಟ್ಟುಹೋಗುವವರು ಒಂದು ಉಪಕಾರ ಮಾಡಿ. ಯಂತ್ರದ ಮೇಲಿನ ಇಂಗ್ಲಿಷ್ ಅಕ್ಷರಗಳು ಚಾಳೀಸು ಬಂದ ಕಣ್ಣಿಗೆ ಇರುವೆಸಾಲು. ಬಿಸಿಮಾಡುವ ಗುಂಡಿಗೆ ಒಂದು ಕೆಂಪು ಸ್ಟಿಕ್ಕರ್ ಬೊಟ್ಟು, ನಿಲ್ಲಿಸುವ ಗುಂಡಿಗೆ ಒಂದು ಕರಿಯ ಬೊಟ್ಟು ಅಂಟಿಸಿ, ಪಕ್ಕದಲ್ಲೇ ಆ ಗಾಜಿನ ಬೋಗುಣಿಯನ್ನು ಇಟ್ಟುಹೋಗಿ. ಒಂದು ಭಾನುವಾರ ಜೊತೆಗೆ ನಿಂತು ಎರಡು ಸಲ ಅವರ ಕೈಯಿಂದಲೇ ಮಾಡಿಸಿ.